ಇಸ್ತ್ರಿಯಕ್ಕನ ಗೈರುಹಾಜರಿ

ಇಸ್ತ್ರಿಯಕ್ಕನಿಗೆ ಪ್ರಾರ್ಥನೆ ಮಾಡಲು ಬರುವುದಿಲ್ಲ ಎಂಬುದು ಸಭೆಯ ಚಿಕ್ಕಮಕ್ಕಳಿಗೂ ಗೊತ್ತಿದ್ದ ವಿಷಯ. ಒಂದೇ ಒಂದು ಸಲ ಅವಳನ್ನು ಎಬ್ಬಿಸಿ ನಿಲ್ಲಿಸಿದ್ದರು. "ದೇವರೇ, ಎಲ್ಲಾ ನಿನಗೆ ಗೊತ್ತಲ್ಲ," ಎಂದವಳೇ ಕೂತುಬಿಟ್ಟಳು. ಆಮೆನ್ ಕೂಡ ಪಕ್ಕದವರೇ ಸೇರಿಸಬೇಕಾಯಿತು. ಸಭೆಯ ಕಾರ್ಯದರ್ಶಿಗಳಾದರೋ ಬಾಯಿ ತೆರೆದರೆ ಭೂಮ್ಯಾಕಾಶಗಳ ಸೃಷ್ಟಿಯಿಂದ ಹೊರಟು, ದಾರಿಯಲ್ಲಿ ಸಿಕ್ಕ ಪ್ರವಾದಿಗಳನ್ನೆಲ್ಲ ಮಾತಾಡಿಸಿಕೊಂಡು ನಮ್ಮ ಬೀದಿಗೆ ಬಂದು ಮುಟ್ಟುವಷ್ಟರಲ್ಲಿ ಮುಂದಿನ ಸಾಲಿನ ಹಿರಿಯರದು ಒಂದು ನಿದ್ದೆ ಮುಗಿದಿರುತ್ತಿತ್ತು. ಭಕ್ತಿ ಎಂದರೆ ಹಾಗಿರಬೇಕು.

ಅಕ್ಕನ ಅಂಗಡಿ ಎಂದರೆ ಒಂದು ಮೇಜು, ಅದರ ಮೇಲೆ ನಾಲ್ಕು ಮಡಿಕೆಯ ಹಳೆಯ ಕಂಬಳಿ, ಒಂದು ಕೆಂಡದ ಇಸ್ತ್ರಿಪೆಟ್ಟಿಗೆ. ಸಭಾಪಾಲಕರ ಬಿಳಿ ನಿಲುವಂಗಿ ಗರಿಗರಿಯಾಗುತ್ತಿದ್ದದ್ದು ಅಲ್ಲೇ. ದಿನಾ ನಾಲ್ಕು ಗಂಟೆಗೆ ಅವಳು ಕೆಂಡಕ್ಕೆ ನೀರು ಚಿಮುಕಿಸಿ ಹೊರಟುಬಿಡುತ್ತಿದ್ದಳು. ಗುರುವಾರದ ಪ್ರಾರ್ಥನಾಕೂಟವೂ ಅದೇ ಹೊತ್ತಿಗೆ. ಆದರೆ ಗುರುವಾರವೂ ಅವಳು ಹೋಗುತ್ತಿದ್ದದ್ದು ಟೀಚರಮ್ಮನ ಮನೆಗೇ.

ಟೀಚರಮ್ಮ ಮೂವತ್ತು ವರ್ಷ ಭಾನುವಾರದ ಶಾಲೆ ನಡೆಸಿದವರು. ಇವತ್ತು ಗಂಟಲು ಬಿರಿಯುವಂತೆ ಪ್ರಾರ್ಥಿಸುವವರಲ್ಲಿ ಅರ್ಧ ಜನಕ್ಕೆ ಬೈಬಲ್ ವಚನ ಬಾಯಿಪಾಠ ಮಾಡಿಸಿದವರು. ಮೂರು ವರ್ಷದಿಂದ ಸೊಂಟದ ಕೆಳಗೆ ಸ್ವಾಧೀನವಿಲ್ಲ. ಹಿಂದೆಮುಂದೆ ಯಾರೂ ಇಲ್ಲದ ಜೀವ, ಒಂದು ಕೋಣೆಯ ಬಾಡಿಗೆ ಮನೆ. ಅಕ್ಕ ಹೋಗಿ ಮೈ ಒರೆಸಿ, ಹಾಸಿಗೆಬಟ್ಟೆ ಬದಲಿಸಿ, ಬೆನ್ನು ಹುಣ್ಣಾಗದಂತೆ ಮಗ್ಗುಲು ತಿರುಗಿಸಿ ಬರುತ್ತಿದ್ದಳು. ಟೀಚರಮ್ಮನದು ಭಾರೀ ಶರೀರ, ಅಕ್ಕನದು ಕಡ್ಡಿ ದೇಹ. ಒಬ್ಬಳಿಂದ ಆಗುವ ಕೆಲಸವಲ್ಲ.

ಮೊದಲ ತಿಂಗಳಲ್ಲೇ ಅವಳು ಕಾರ್ಯದರ್ಶಿಗಳ ಬಳಿ ಕೇಳಿದ್ದಳು. "ಅಣ್ಣ, ಟೀಚರಮ್ಮನ್ನ ತಿರುಗಿಸೋಕೆ ಇನ್ನೊಂದು ಜೊತೆ ಕೈ ಬೇಕಿತ್ತು. ಯಾರನ್ನಾದ್ರೂ ಕಳಿಸ್ತೀರಾ?"

"ಅದಕ್ಕೇನಂತೆ ತಂಗಿ, ಈಗಲೇ ಪಟ್ಟಿಗೆ ಸೇರಿಸ್ತೀನಿ."

ಸೇರಿಸಿದರು. ಪ್ರಾರ್ಥನೆಯ ಪಟ್ಟಿಗೆ. ಅವರು ಆಡಿದ ಮಾತಿಗೆ ತಪ್ಪುವವರಲ್ಲ. ಮೂರು ವರ್ಷ ಒಂದು ಗುರುವಾರವೂ ಬಿಡದೆ ಟೀಚರಮ್ಮನ ಹೆಸರು ಓದಿದರು, ಕಣ್ಣೀರಿಟ್ಟರು. ಆಮೇಲೆ ದಾರಿಯಲ್ಲಿ ಅಕ್ಕ ಸಿಕ್ಕರೆ ನಿಲ್ಲಿಸಿ ಬುದ್ಧಿಯನ್ನೂ ಹೇಳಿದರು. "ಪಾಪ, ಆ ತಾಯಿಗೋಸ್ಕರ ನಾವೆಲ್ಲ ಮಂಡಿ ಊರ್ತೀವಿ. ನಿಮಗೆ ವಾರಕ್ಕೆ ಒಂದೆರಡು ಗಂಟೆ ಬಿಡುವಿಲ್ವಾ?" ಇಡೀ ಲೋಕದ ಭಾರ ಹೊತ್ತ ಮನುಷ್ಯನಿಗೆ ಅವಳು ಕೇಳಿದ್ದು ಎಲ್ಲಿ ನೆನಪಿರಬೇಕು? "ನೋಡ್ತೀನಿ ಅಣ್ಣ," ಎಂದು ಅವಳು ನಡೆದುಬಿಡುತ್ತಿದ್ದಳು.

ಒಂದು ಗುರುವಾರ ಬಟ್ಟೆಯ ರಾಶಿ ಮುಗಿಯದೆ ಹೊರಡುವಷ್ಟರಲ್ಲಿ ಐದು ಗಂಟೆಯಾಯಿತು. ಬಾಗಿಲು ತೆಗೆದರೆ ಟೀಚರಮ್ಮ ನೆಲದ ಮೇಲಿದ್ದರು. ನೀರಿಗೆ ಕೈ ಚಾಚಲು ಹೋಗಿ ಮಂಚದಿಂದ ಜಾರಿದ್ದರು. ಒಂದು ಕಾಲು ಮೈಯಡಿ ಮಡಚಿಕೊಂಡಿತ್ತು, ತುಟಿ ನೀಲಿಗಟ್ಟಿತ್ತು. ಅಕ್ಕ ಕಂಕುಳಿಗೆ ಕೈ ಹಾಕಿ ಎತ್ತಿ ನೋಡಿದಳು, ಜಗ್ಗಿ ನೋಡಿದಳು. ಜಗ್ಗಿದಷ್ಟೂ ಮುದುಕಿ ನರಳಿದರು. ನರಳಿಕೆಯ ನಡುವೆ ಕಟ್ಟಿದ ದನಿಯಲ್ಲಿ ಎರಡು ಮಾತು ಹೇಳಿದರು. ಅಕ್ಕ ತಲೆಯಡಿಗೆ ದಿಂಬು ಕೊಟ್ಟು, ಚಪ್ಪಲಿಯನ್ನೂ ಮೆಟ್ಟದೆ ಓಡಿದಳು.

ಪ್ರಾರ್ಥನಾ ಮಂದಿರದಲ್ಲಿ ಕಾರ್ಯದರ್ಶಿಗಳು ಆಗಷ್ಟೇ ಟೀಚರಮ್ಮನ ಹೆಸರಿಗೆ ಬಂದಿದ್ದರು. ಧ್ವನಿ ಗದ್ಗದವಾಗಿತ್ತು.

"ಅಣ್ಣ," ಎಂದಳು ಅಕ್ಕ. ಯಾರೋ ಕಣ್ಣು ಮುಚ್ಚಿಕೊಂಡೇ ಶ್ ಎಂದರು. ಸಭಾಪಾಲಕರು ಕಣ್ಣು ತೆರೆದು ನೋಡಿ, ತಪ್ಪಿಸಿಕೊಂಡ ಕುರಿ ಕೊನೆಗೂ ಬಂತೆಂದು ಮುಖ ಅರಳಿಸಿ, ಕೂತುಕೊಳ್ಳುವಂತೆ ಕೈಸನ್ನೆ ಮಾಡಿದರು.

ಅಕ್ಕನಿಗೆ ಕೋಪ ನೆತ್ತಿಗೇರಿತು. "ಸಾಕು ಮಾಡಿ ಅಣ್ಣ. ಟೀಚರಮ್ಮ ಮಂಚದಿಂದ ಬಿದ್ದಿದ್ದಾರೆ. ನನ್ನೊಬ್ಬಳ ಕೈಲಿ ಎತ್ತೋಕಾಗ್ತಿಲ್ಲ. ಇಬ್ಬರು ಬನ್ನಿ."

ಆ ಮಂದಿರದಲ್ಲಿ ಅವಳು ಇಷ್ಟುದ್ದ ಮಾತಾಡಿದ್ದು ಅದೇ ಮೊದಲು. ಎಲ್ಲರೂ ದಡಬಡಿಸಿ ಎದ್ದರು. ಕಾರ್ಯದರ್ಶಿಗಳು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

"ನಡೀರಿ, ನಡೀರಿ. ಅವರ ಮನೆ ಯಾವ ಕಡೆ ಬರುತ್ತೆ ತಂಗಿ?"

ಅಕ್ಕ ಪೀಠದ ಹಿಂದಿನ ಗೋಡೆಯತ್ತ ಕೈ ತೋರಿಸಿದಳು.

"ಇದರ ಆಚೆ. ಇದೊಂದೇ ಗೋಡೆ ಅಡ್ಡ. ನಾಲ್ಕೂವರೆಯಿಂದ ಕೂಗ್ತಾನೇ ಇದ್ದರಂತೆ. ನಿಮ್ಮ ಹಾಡೆಲ್ಲ ಅವರಿಗೆ ಚೆನ್ನಾಗಿ ಕೇಳಿಸ್ತಂತೆ."