ಹೊಲಿಗೆಯ ಉದ್ದ

ಗಂಡನ ಅಣ್ಣ, ಅಂದರೆ ನನ್ನ ಭಾವನ ಕಿಡ್ನಿಯನ್ನು ಪಕ್ಕೆ ಕೊಯ್ದು ತೆಗೆದರು. ನನ್ನದನ್ನು ತೂತು ಕೊರೆದು. ಎರಡೂ ಕಲ್ಲು ಕಟ್ಟಿ ಕೆಟ್ಟುಹೋದವು, ಎರಡೂ ಎರಡು ಸಾವಿರದ ಇಸವಿಯ ಆಚೀಚೆ. ಮೊದಲು ಭಾವನದು, ಆಮೇಲೆ ನನ್ನದು; ನಡುವೆ ಎಷ್ಟು ಸಮಯ ಕಳೆಯಿತೆಂದು ಮನೆಯಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ನನ್ನ ಲೆಕ್ಕವನ್ನೂ ನಾನು ನಂಬುವುದಿಲ್ಲ.

ಭಾವನ ಹೊಲಿಗೆ ಪಕ್ಕೆಯಿಂದ ಹೊಕ್ಕುಳ ಹತ್ತಿರದವರೆಗೆ ಬಂದಿತ್ತು. ಕಾಪುವಿನ ನಮ್ಮ ಮನೆಗೆ ಕಾರ್ಕಳದಿಂದ, ಶಿರ್ವದಿಂದ ನೆಂಟರು ಬ್ರೆಡ್ಡು, ಮೂಸಂಬಿ ಹಿಡಿದು ಬಂದರು. ಭಾವ ಅಂಗಿ ಎತ್ತಿ ತೋರಿಸುತ್ತಿದ್ದರು. ತಿಂಗಳುಗಟ್ಟಲೆ ಅತ್ತೆ ಅವರಿಗೆ ಒಂದು ತೆಂಗಿನಕಾಯಿ ಎತ್ತಲೂ ಬಿಡಲಿಲ್ಲ. ಸರಿಯೇ. ಅವರ ನೋವು ಸುಳ್ಳಲ್ಲ.

ಮಣಿಪಾಲದ ಡಾಕ್ಟರು ನನಗೆ ಎರಡೂ ದಾರಿ ಹೇಳಿದರು. ಕೊಯ್ದರೆ ನೋವು ಹೆಚ್ಚು, ಮಲಗುವುದೂ ಹೆಚ್ಚು. ತೂತಿನಲ್ಲಿ ಕ್ಯಾಮರಾ ಇಳಿಸಿದರೆ ಬೇಗ ಮನೆಗೆ. ರಕ್ತ ನಿಲ್ಲದಿದ್ದರೆ ಮಾತ್ರ ನಡುವೆಯೇ ಕೊಯ್ಯಬೇಕಾದೀತು. "ಯಾವುದು ಮಾಡಿದರೂ ಕೆಲವು ವಾರ ಭಾರ ಎತ್ತಬಾರದು," ಎಂದರು. ನಾನು ತೂತನ್ನು ಆರಿಸಿದೆ.

ಮನೆಗೆ ಬಂದ ದಿನ ಅತ್ತೆ ಸೆರಗು ಸರಿಸಿ ನೋಡಿದರು.

"ಇಷ್ಟೆಯಾ? ಇದರಲ್ಲಿ ಕಿಡ್ನಿ ಹೇಗೆ ಬಂತು?"

"ಒಂದು ತೂತನ್ನು ಸ್ವಲ್ಪ ದೊಡ್ಡದು ಮಾಡಿ, ಚೀಲದಲ್ಲಿ ಹಾಕಿ ಎಳೆದರಂತೆ."

"ಹಾಗಾದರೆ ಸಣ್ಣ ಆಪರೇಷನ್."

ತೀರ್ಪಾಯಿತು. ನೆಂಟರು ಬರಲಿಲ್ಲ. ಆಪರೇಷನ್ನಿಗೆಂದು ಹೊಟ್ಟೆಯೊಳಗೆ ತುಂಬಿಸಿದ್ದ ಗ್ಯಾಸಿನಿಂದ ಭುಜ ಸೆಳೆಯುತ್ತದೆ ಎಂದರೆ ಭಾವ ನಕ್ಕರು. "ತೆಗೆದದ್ದು ಸೊಂಟದಿಂದ, ನೋವು ಹೆಗಲಿಗಾ? ನಿನ್ನದು ಎಂತ ಕಿಡ್ನಿ ಮಾರಾಯ್ತಿ?"

ಆ ವಾರವೇ ಒಂದು ಬೆಳಿಗ್ಗೆ ಅತ್ತೆ ಕೊಡಪಾನ ತಂದು ನನ್ನ ಮುಂದಿಟ್ಟರು. ಬಾವಿಯ ಹಗ್ಗ ಒದ್ದೆಯಾಗಿತ್ತು ಎಂದು ಬರೆಯಲು ಕೈ ಹೋಗುತ್ತದೆ. ಅದು ಬೇರೆ ದಿನದ ಹಗ್ಗವಿರಬಹುದು. ಮಾತು ಮಾತ್ರ ಅದೇ ದಿನದ್ದು.

"ನಾನು ನೀರು ಎತ್ತುವುದಿಲ್ಲ ಅತ್ತೆ."

"ಗಾಯವೇ ಇಲ್ವಲ್ಲ."

"ಭಾವನಿಂದ ಹೋದದ್ದೂ ಒಂದು, ನನ್ನಿಂದ ಹೋದದ್ದೂ ಒಂದು. ಒಳಗೆ ಕತ್ತರಿಸಿದ್ದನ್ನು ನೀವು ನೋಡಿದ್ದೀರಾ?"

"ನೋಡುವ ಹಾಗೆ ಮಾಡಿಸಿಕೊಳ್ಳಬೇಕಿತ್ತು," ಎಂದರು ಭಾವ, ಚಾವಡಿಯಿಂದ.

"ನಿಮ್ಮ ಗಾಯ ಒಣಗಿ ಎಷ್ಟು ಕಾಲವಾಯಿತು ಭಾವ? ಕೊಡಪಾನ ಇಲ್ಲೇ ಉಂಟು."

ಅವರು ಪೇಪರನ್ನು ಮುಖಕ್ಕೆ ಹಿಡಿದರು. ನಾನು ಜಗಲಿಯಲ್ಲಿ, ಖಾಲಿ ಕೊಡಪಾನದ ಪಕ್ಕದಲ್ಲೇ ಕಾಲು ಚಾಚಿ ಕುಳಿತೆ. ಗಂಜಿಗೆ ನೀರಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು.

ಕೊನೆಗೆ ನೀರು ತಂದದ್ದು ಯಾರು? ತಾನು ಎನ್ನುತ್ತಾರೆ ಗಂಡ. ತಾನೇ ಎನ್ನುತ್ತಾರೆ ಅತ್ತೆ. ಇಬ್ಬರೂ ಅಲ್ಲ ಎನ್ನುತ್ತಾರೆ ಭಾವ. ಯಾರ ನೆನಪಿಗೂ ನಾನು ಅಡ್ಡ ಬರುವುದಿಲ್ಲ. ನಾನು ತರಲಿಲ್ಲ. ಅದೊಂದನ್ನು ಯಾರೂ ತಿದ್ದುವ ಹಾಗಿಲ್ಲ.