ನರದ ಬುಡದಲ್ಲಿ ಮಲಗಿದ್ದು

ಮೆಣಸೆ ಊರಿನ ನಮ್ಮ ಕೊಟ್ಟಿಗೆಗೆ ಬರುತ್ತಿದ್ದ ದನದ ಡಾಕ್ಟರಮ್ಮ ಅಂಗೈ ಉಜ್ಜಿ ಬೆಚ್ಚಗೆ ಮಾಡಿಕೊಂಡೇ ದನ ಮುಟ್ಟುತ್ತಿದ್ದರು. "ಅದಕ್ಕೂ ಗೊತ್ತಾಗ್ತದೆ ಮಾರಾಯ್ರೆ" ಎನ್ನುವುದು ಅವರ ಮಾತು.

ನಮ್ಮ ಹಸು ಕೆಂಪಿಗೆ ಜ್ವರ ಬಂದು, ಮೂಗು ಹುಣ್ಣಾಗಿ, ವಾಸಿಯಾದಾಗ ಅವರು ಎಚ್ಚರಿಸಿದರು. "ವೈರಸ್ ಹೋಗ್ಲಿಲ್ಲ, ಮುಖದ ನರದ ಬುಡದಲ್ಲಿ ಮಲಗಿದೆ. ದನ ಹೆದರಿದ್ರೆ, ದಣಿದ್ರೆ ಮೈಯಲ್ಲಿ ಏರೋ ಹಾರ್ಮೋನೇ ವೈರಸ್ಸಿನ ಮೊದಲ ಜೀನುಗಳ ಸ್ವಿಚ್ ಹಾಕಿ ಅದನ್ನ ಎಬ್ಬಿಸ್ತದೆ. ಆಮೇಲೆ ಬೇರೆ ದನಕ್ಕೂ ಹರಡ್ತದೆ, ಗಬ್ಬದ್ದಾದ್ರೆ ಕಂದು ಹಾಕ್ಲೂಬಹುದು. ದೂರ ಸಾಗಿಸ್ಬೇಡಿ."

ತಲೆಯಾಡಿಸಿದೆ. ಮರುವರ್ಷ ಕೆಂಪಿಯನ್ನು ಪಿಕಪ್ಪಿಗೆ ಹತ್ತಿಸಿ ನರಸಿಂಹರಾಜಪುರದ ತಂಗಿಗೆ ಕೊಟ್ಟೆ. ಒಳ್ಳೆಯ ಹಸು ಕೊಟ್ಟ ಅಣ್ಣ ಎನಿಸಿಕೊಳ್ಳುವ ಆಸೆಗೆ ಕಾಯಿಲೆಯ ಸುದ್ದಿ ಎತ್ತಲಿಲ್ಲ. ವಾರದಲ್ಲೇ ಕೆಂಪಿಯ ಮೂಗು ಸೋರತೊಡಗಿತು. ಕೆಲವು ವಾರಗಳಲ್ಲಿ ತಂಗಿಯ ಗಬ್ಬದ ಹಸು ದಿನ ತುಂಬುವ ಮೊದಲೇ ಕಂದು ಹಾಕಿತು.

ಅಷ್ಟರಲ್ಲಿ ಡಾಕ್ಟರಮ್ಮನಿಗೆ ಅಲ್ಲಿಗೇ ವರ್ಗವಾಗಿತ್ತು. ದನ ನೋಡಲು ಅವರು ಬಂದಾಗ ನಾನೂ ಅಲ್ಲಿದ್ದೆ. ಅವರೆದುರೇ ತಂಗಿ ಕೇಳಿದಳು, "ಅಣ್ಣ, ಕೆಂಪಿಗೆ ಮುಂಚೆ ಹೀಗೆ ಕಾಯಿಲೆ ಆಗಿತ್ತಾ?"

"ಇಲ್ಲ" ಎಂದೆ.

ಡಾಕ್ಟರಮ್ಮ ನನ್ನತ್ತ ನೋಡಲಿಲ್ಲ. "ಆಗಿತ್ತಮ್ಮ. ಮದ್ದು ಮಾಡಿದ್ದು ನಾನೇ. ಅದು ಇಂಥ ಕಾಯಿಲೆ ಅಂತ ಇವ್ರಿಗೆ ಬಿಡಿಸಿ ಹೇಳ್ಲಿಲ್ಲ" ಎಂದರು.

ತಂಗಿ ಅವರ ಮೇಲೆ ರೇಗಿದಳು. ಅವರು ಅಂಗೈ ಉಜ್ಜಿಕೊಂಡು ಹಸುವಿನ ಮೈ ಮುಟ್ಟಿದರು. ತಂಗಿಗೆ ಇವತ್ತಿಗೂ ನಿಜ ಹೇಳಿಲ್ಲ.