ಸೀರೆ ಮುಗಿಯುವ ತನಕ

ಹುನಗುಂದದಲ್ಲಿ ಕೆಲಸಕ್ಕಿದ್ದಾಗ, ಮಾಳಿಗೆ ಅನ್ನುವ ಹಳೇ ಮಣ್ಣಿನ ಚಾವಣಿ ತೆಗೆಸಿ ಸ್ಲ್ಯಾಬ್ ಹಾಕಿಸುವ ಸರ್ಕಾರಿ ಯೋಜನೆಯ ಕೆಲಸದ ಮೇಲೆ ಇಳಕಲ್ಲಿನ ನೇಕಾರರ ಓಣಿಗೆ ಹೋಗಿದ್ದೆ. ಬೇಸಿಗೆ ಮುಗಿಯುತ್ತ ಬಂದಿತ್ತು. ನೀಲವ್ವ ಎಂಬ ಹಿರಿಯಳ ಮನೆಯ ತೊಲೆ ಗೆದ್ದಲು ಹಿಡಿದು ಬಾಗಿತ್ತು. ಅದರ ಕೆಳಗೇ ಕುಳಿತು ಆಕೆ ಸೀರೆ ನೇಯುತ್ತಿದ್ದಳು.

“ಮಳಿ ಹಿಡಿಯೂದ್ರಾಗ ಮಾಳಿಗಿ ಬಿಚ್ಚಬೇಕ್ರಿ ಅವ್ವಾ. ನಾಳೆನ ಆಳು ಕಳಸ್ತೇನಿ,” ಎಂದೆ.

“ಮಗ್ಗದ ಮ್ಯಾಲ ಸೀರಿ ಐತ್ರಿ ಸಾಹೇಬ್ರ. ಮಣ್ಣು ಉದುರಿದ್ರ ರೇಷ್ಮಿ ಎಳಿ ಕೆಡ್ತಾವು. ಇದೊಂದು ಮುಗೀಲಿ.”

“ತೊಲಿ ನಿಮ್ಮ ತಲಿ ಮ್ಯಾಲ ಬಿದ್ರ?”

“ತೊಲಿ ಬೀಳತೈತೋ ಇಲ್ಲೋ ಗೊತ್ತಿಲ್ಲ. ಬಿಚ್ಚಿದ್ರ ಮಣ್ಣಂತೂ ಬೀಳೂದು ಖರೆ.”

ಎರಡು ಗಟ್ಟಿ ಕಂಬ ತರಿಸಿ ತೊಲೆಗೆ ಆಸರೆ ಕೊಡಿಸಿದೆ. ಆಮೇಲೆ ದಿನಾ ಮೋಡ ನೋಡುತ್ತಲೇ ಬಸ್ಸಿಳಿಯುತ್ತಿದ್ದೆ. ಎಂಟನೆಯ ದಿನ ಆಕೆ ಕೆಂಪು ಸೆರಗು ಮುಗಿಸಿ, ಸೀರೆಯನ್ನು ಮಗ್ಗದಿಂದ ಕತ್ತರಿಸಿ ತೆಗೆದು, ಮಡಚಿಟ್ಟು, “ಈಗ ಬಿಚ್ಚಸ್ರಿ,” ಎಂದಳು. ಆಳುಗಳ ಸಂಗಡ ತಾನೂ ಮಣ್ಣಿನ ಬುಟ್ಟಿ ಹೊತ್ತಳು. ದೇವರ ದಯೆ, ಮೊದಲ ಮಳೆ ಬಿದ್ದದ್ದು ಹೊಸ ಸ್ಲ್ಯಾಬಿನ ಮೇಲೆ.

ವರದಿಯಲ್ಲಿ, ಕೆಲಸ ತಡವಾದ ಕಾರಣ ಎಂಬಲ್ಲಿ, “ಮಗ್ಗದ ಮೇಲೆ ಸೀರೆ ಇತ್ತು” ಎಂದು ಇದ್ದದ್ದನ್ನೇ ಬರೆದೆ. ನಮ್ಮ ಸಾಹೇಬರು ಅದನ್ನು ಹೊಡೆದುಹಾಕಿ, “ಸಿಮೆಂಟಿನ ಅಭಾವ” ಎಂದು ತಿದ್ದಿ, ಸಮಾಧಾನದಿಂದ ಸಹಿ ಮಾಡಿದರು.